ಹಬ್ಬ ಇನ್ನೂ ನಿಂತಿಲ್ಲ, ಎಚ್ಚರಿಸಬೇಕಾದ್ದು ಈಗಲೇ

ಕ್ಯೂಬಾದ ಜನಪದ ಹಬ್ಬಗಳು ಸತ್ತುಹೋದವು ಎಂದು ಬರೆದರೆ ಅದು ಸುಳ್ಳಾದೀತು. ಡಿಸೆಂಬರ್ ಹತ್ತಿರವಾದರೆ ದ್ವೀಪದ ನಡುಭಾಗದ ರೆಮೆದಿಯೋಸ್ ಊರಿನಲ್ಲಿ ಈಗಲೂ ಬಾಣಬಿರುಸಿನ ಮಾತೇ ಮಾತು. ಜುಲೈ ಬಂದರೆ ಪೂರ್ವದ ಸಾಂತಿಯಾಗೊ ನಗರದಲ್ಲಿ ಕೋಂಗಾ ಎಂಬ ಕುಣಿತದ ಮೆರವಣಿಗೆಯ ಡೋಲುಗಳು ಬೀದಿಗಿಳಿಯುತ್ತವೆ. ಹಾಗಿದ್ದ ಮೇಲೆ ಎಚ್ಚರಿಕೆಯ ಮಾತೇಕೆ? ಹಬ್ಬ ನಿಂತಿತು ಎಂಬ ಸುದ್ದಿ ಬಂದ ಮೇಲೆ ಬರೆಯುವ ಸಂಪಾದಕೀಯ ಶ್ರದ್ಧಾಂಜಲಿಯಾಗುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಹಬ್ಬದ ಆಯಸ್ಸನ್ನು ಆ ರಾತ್ರಿ ಚೌಕದಲ್ಲಿ ನೆರೆದ ತಲೆಗಳನ್ನು ಎಣಿಸಿ ಅಳೆಯಲಾಗದು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಬೀಗ ಹಾಕಿದ ಶೆಡ್ಡಿನೊಳಗೆ ಮರ ಕೊಯ್ದವರು, ತಂತಿ ಎಳೆದವರು, ಕಾಗದ ಅಂಟಿಸಿದವರು ಎಷ್ಟು ಮಂದಿ, ಅವರ ವಯಸ್ಸೆಷ್ಟು ಎಂದು ಕೇಳಬೇಕು. ಆ ಸಂಖ್ಯೆಯನ್ನು ಕುಗ್ಗಿಸುವ ಕಾರಣಗಳೆಲ್ಲ ಇಂದು ಕ್ಯೂಬಾದಲ್ಲಿ ಒಟ್ಟಿಗೆ ಬಂದು ಕೂತಿವೆ. ಈ ಎಚ್ಚರಿಕೆ ಅದಕ್ಕಾಗಿ.

ಕಣ್ಮುಂದೆ ಇಟ್ಟುಕೊಳ್ಳಲು ಒಂದು ಹಬ್ಬ ಸಾಕು: ರೆಮೆದಿಯೋಸ್‌ನ ಪರ್ರಾಂದಾ. ಇದು ಶುರುವಾದದ್ದು 1820ರಲ್ಲಿ ಎನ್ನುತ್ತಾರೆ. ಫ್ರಾನ್ಸಿಸ್ಕೊ ವಿಹಿಲ್ ದೆ ಕಿನ್ಯೋನೆಸ್ ಎಂಬ ಪಾದ್ರಿಗೆ ಆಗ ಒಂದು ತಲೆನೋವಿತ್ತು. ಕ್ರಿಸ್‌ಮಸ್‌ಗೆ ಮುಂಚೆ, ಡಿಸೆಂಬರ್ 16ರಿಂದ 24ರವರೆಗೆ, ನಸುಕಿನಲ್ಲಿ ನಡೆಯುವ ಪೂಜೆಗೆ ಜನ ಬರುತ್ತಿರಲಿಲ್ಲ. ಚಳಿಗೆ ಹೊದ್ದು ಮಲಗಿದವರನ್ನು ಎಬ್ಬಿಸಲು ಆತ ಊರಿನ ಹುಡುಗರನ್ನು ಛೂ ಬಿಟ್ಟ. ತಗಡಿನ ಡಬ್ಬ, ಸೀಟಿ, ಗಿಲಕಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತ ಊದುತ್ತ ಹುಡುಗರು ಬೀದಿ ಸುತ್ತಿದರು. ನಿದ್ದೆಗೆಟ್ಟ ಊರು ಇಗರ್ಜಿಗೆ ಬಂತೋ ಬಿಟ್ಟಿತೋ, ಗದ್ದಲವಂತೂ ಊರಿಗೆ ಹಿಡಿಸಿಬಿಟ್ಟಿತು. ನಮ್ಮ ಕೇರಿಯ ಸದ್ದು ಹೆಚ್ಚೋ ನಿಮ್ಮ ಕೇರಿಯದು ಹೆಚ್ಚೋ ಎಂಬ ಪೈಪೋಟಿ ಹುಟ್ಟಿತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಹೊತ್ತಿಗೆ ಊರಿನ ಹಲವು ಗುಂಪುಗಳು ಎರಡು ಪಕ್ಷಗಳಾಗಿ ಗಟ್ಟಿಯಾದವು. ಒಂದು ಸಾನ್ ಸಾಲ್ವದೋರ್, ಅದರ ಲಾಂಛನ ಹುಂಜ. ಇನ್ನೊಂದು ಎಲ್ ಕಾರ್ಮೆನ್, ಅದರದು ಗಿಡುಗ. ಅಂದಿನಿಂದ ರೆಮೆದಿಯೋಸ್‌ನಲ್ಲಿ ಹುಟ್ಟಿದ ಮಗು ಒಂದೋ ಹುಂಜದ ಪಕ್ಷ, ಇಲ್ಲವೇ ಗಿಡುಗದ ಪಕ್ಷ.

ಡಿಸೆಂಬರ್ 24ರ ರಾತ್ರಿ ಈ ಎರಡು ಕೇರಿಗಳು ನಡುಚೌಕದಲ್ಲಿ ಎದುರಾಗುತ್ತವೆ. ಪ್ರತಿ ಕೇರಿಯೂ ಚೌಕದ ತನ್ನ ಬದಿಯಲ್ಲಿ ಹತ್ತಾರು ಅಡಿ ಎತ್ತರದ ದೀಪಗೋಪುರವೊಂದನ್ನು ನಿಲ್ಲಿಸುತ್ತದೆ. ಮರದ ಚೌಕಟ್ಟು, ಅದರ ತುಂಬ ಬಣ್ಣದ ಬಲ್ಬುಗಳು. ಬಲ್ಬುಗಳು ಸರದಿಯಲ್ಲಿ ಹತ್ತಿ ಆರಿದಂತೆ ಚಿತ್ತಾರ ತಿರುಗುತ್ತದೆ, ಅರಳುತ್ತದೆ, ಮುಚ್ಚುತ್ತದೆ. ಇದನ್ನು ಅಲ್ಲಿನವರು ‘ಚೌಕದ ಕೆಲಸ’ ಎಂದಷ್ಟೇ ಕರೆಯುತ್ತಾರೆ. ನಡುರಾತ್ರಿ ಕಳೆದ ಮೇಲೆ ಕರ್ರೋಸಾ, ಅಂದರೆ ಸ್ತಬ್ಧಚಿತ್ರದ ಬಂಡಿ, ಹೊರಡುತ್ತದೆ. ಯಾವುದೋ ಪುರಾಣ, ಇತಿಹಾಸ ಅಥವಾ ಕಥೆಯ ಪಾತ್ರಗಳ ವೇಷ ತೊಟ್ಟವರು ಅದರ ಮೇಲೆ ಕಣ್ಣು ಮಿಟುಕಿಸದೆ ಪ್ರತಿಮೆಗಳಂತೆ ನಿಂತಿರುತ್ತಾರೆ. ಇವೆರಡರ ನಡುವೆ, ಮುಂಚೆ, ಆಮೇಲೆ, ಬೆಳಗಾಗುವವರೆಗೂ ಬಾಣಬಿರುಸು. ಡೋಲು, ದನದ ಕೊರಳ ಗಂಟೆ, ಹಳೆಯ ನೇಗಿಲ ಗುಳಗಳ ಬಡಿತದ ಜತೆಗೆ ತುತ್ತೂರಿಗಳು ಕೇರಿಯ ಪೋಲ್ಕಾ ಧಾಟಿಯನ್ನು ಊದುತ್ತವೆ. ಎದುರು ಪಕ್ಷವನ್ನು ಹಂಗಿಸುವ ಪದಗಳಿಗೂ, ಅದರ ಅಣಕು ಶವಯಾತ್ರೆಗೂ ಇಲ್ಲಿ ಜಾಗವಿದೆ.

ಇಷ್ಟೆಲ್ಲ ಆದ ಮೇಲೆ ಗೆದ್ದವರು ಯಾರು? ರೆಮೆದಿಯೋಸ್‌ನಲ್ಲಿ ತೀರ್ಪುಗಾರರಿಲ್ಲ, ಬಹುಮಾನವಿಲ್ಲ. ಬೆಳಗಿನ ಜಾವ ಎರಡೂ ಕೇರಿಗಳು ಗೆದ್ದವರು ನಾವೇ ಎಂದು ಕುಣಿಯುತ್ತವೆ. ಸೋತವರೇ ಇಲ್ಲದ ಕಾರಣ ಮುಂದಿನ ವರ್ಷ ಸೇಡು ತೀರಿಸಿಕೊಳ್ಳುವ ಹುರುಪು ಇಬ್ಬರಿಗೂ ಉಳಿಯುತ್ತದೆ. ಗೋಪುರದ ವಿಷಯ ಏನು, ಬಂಡಿಯ ಕಥೆ ಯಾವುದು ಎಂಬುದು ಆ ರಾತ್ರಿಯವರೆಗೂ ಗುಟ್ಟು. ಎದುರು ಕೇರಿಯವರು ಶೆಡ್ಡಿನ ಹತ್ತಿರ ಸುಳಿಯುವಂತಿಲ್ಲ. ಗುಟ್ಟು ಕಾಯಬೇಕಾದರೆ ಕೆಲಸ ಕೇರಿಯವರ ಕೈಯಲ್ಲೇ ಇರಬೇಕು, ಹೊರಗಿನಿಂದ ಗುತ್ತಿಗೆಗೆ ತರುವಂತಿಲ್ಲ. ಬಡಗಿ, ಎಲೆಕ್ಟ್ರಿಷಿಯನ್, ದರ್ಜಿ, ಬಣ್ಣ ಬಳಿಯುವವರು, ಪಟಾಕಿ ಕಟ್ಟುವವರು ಎಲ್ಲರೂ ಒಳಗಿನವರೇ. ಕೆಲಸ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ, ಪಕ್ಕದ ಮನೆಯವರಿಂದ ಪಕ್ಕದ ಮನೆಯ ಹುಡುಗನಿಗೆ ಶೆಡ್ಡಿನೊಳಗೇ ದಾಟುತ್ತದೆ. ಪರ್ರಾಂದಾದ ಶಾಲೆ ಅಲ್ಲಿದೆ.

ಇದು ಒಂದೇ ಊರಿನ ಹುಚ್ಚಲ್ಲ. ಕಾಯ್ಬಾರಿಯೆನ್, ಸುಲ್ವೇತಾ, ಪ್ಲಾಸೆತಾಸ್, ಗ್ವಾಯೋಸ್ ಮುಂತಾಗಿ ನಡುಕ್ಯೂಬಾದ ಹಲವು ಊರುಗಳಿಗೆ ಪರ್ರಾಂದಾ ಹಬ್ಬಿದೆ. ಕಮಾಹುವಾನಿಯಲ್ಲಿ ಒಂದು ಪಕ್ಷದವರು ‘ಹೋತಗಳು’, ಇನ್ನೊಂದು ಪಕ್ಷದವರು ‘ಕಪ್ಪೆಗಳು’. ಅಲ್ಲಿ ಹಬ್ಬ ನಡೆಯುವುದು ಮಾರ್ಚ್‌ನಲ್ಲಿ, ಸಂತ ಜೋಸೆಫರ ದಿನದ ಆಸುಪಾಸು. ಹವಾನಾದ ಪಕ್ಕದ ಬೆಹುಕಾಲ್‌ನಲ್ಲಿ ಇದಕ್ಕೆ ಹತ್ತಿರದ ನೆಂಟನಂಥ ಚರಂಗಾ ಇದೆ. ‘ಚಿನ್ನದ ಮುಳ್ಳು’ ಮತ್ತು ‘ಬೆಳ್ಳಿಯ ಬೂರುಗ’ ಎಂಬ ಎರಡು ಪಕ್ಷಗಳು ಅಲ್ಲಿ ಕಾದಾಡುತ್ತವೆ. 2018ರಲ್ಲಿ ಯುನೆಸ್ಕೊ ನಡುಕ್ಯೂಬಾದ ಹದಿನೆಂಟು ಸಮುದಾಯಗಳ ಪರ್ರಾಂದಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಅಪಾಯದ ಕುರುಹುಗಳಿಗೆ ಬರೋಣ. ಮೊದಲನೆಯದೂ ಎಲ್ಲಕ್ಕಿಂತ ದೊಡ್ಡದೂ ಊರುಗಳಿಂದ ಜನ ಖಾಲಿಯಾಗುತ್ತಿರುವುದು. 2012ರ ಜನಗಣತಿಯಲ್ಲಿ ಕ್ಯೂಬಾದ ಜನಸಂಖ್ಯೆ 1 ಕೋಟಿ 11 ಲಕ್ಷ ದಾಟಿತ್ತು. 2024ರ ಕೊನೆಗೆ ಸರ್ಕಾರದ್ದೇ ಲೆಕ್ಕದಲ್ಲಿ ಅದು ಒಂದು ಕೋಟಿಗಿಂತ ಕೆಳಗೆ, ಸುಮಾರು 97 ಲಕ್ಷಕ್ಕೆ ಇಳಿದಿದೆ. ವಲಸೆ ಆ ದೇಶಕ್ಕೆ ಹೊಸದಲ್ಲ. 1980ರಲ್ಲಿ ಮಾರಿಯೆಲ್ ಬಂದರಿನಿಂದ ಹೊರಟವರು ಸುಮಾರು 1,25,000. 1994ರಲ್ಲಿ ತೆಪ್ಪ ಕಟ್ಟಿಕೊಂಡು ಸಮುದ್ರಕ್ಕಿಳಿದವರು ಸುಮಾರು 35,000. ಆದರೆ 2021ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗಿನ ಎರಡೇ ವರ್ಷಗಳಲ್ಲಿ ಅಮೆರಿಕದ ಗಡಿ ಅಧಿಕಾರಿಗಳ ಲೆಕ್ಕಕ್ಕೆ ಬಂದ ಕ್ಯೂಬನ್ನರು 4 ಲಕ್ಷಕ್ಕೂ ಹೆಚ್ಚು. ಹೋದವರಲ್ಲಿ ಬಹುಪಾಲು ದುಡಿಯುವ ವಯಸ್ಸಿನವರು, ಅಂದರೆ ಏಣಿ ಹತ್ತಿ ದೀಪ ಕಟ್ಟಬಲ್ಲವರು, ಹೆಗಲ ಮೇಲೆ ತೊಲೆ ಹೊರಬಲ್ಲವರು. ಉಳಿದವರಲ್ಲಿ ನಾಲ್ವರಿಗೊಬ್ಬರು ಅರವತ್ತು ದಾಟಿದವರು. 2024ರಲ್ಲಿ ಇಡೀ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 71,000 ಮಾತ್ರ. ಮಕ್ಕಳ ಗದ್ದಲದಿಂದಲೇ ಹುಟ್ಟಿದ ಹಬ್ಬಕ್ಕೆ ಇದಕ್ಕಿಂತ ಕೆಟ್ಟ ಅಂಕಿ ಇನ್ನೊಂದಿಲ್ಲ.

ಎರಡನೆಯದು ಕತ್ತಲೆ. 2024ರ ಅಕ್ಟೋಬರ್ 18ರಂದು ಮತಾನ್ಸಾಸ್‌ನ ಆಂತೋನಿಯೊ ಗಿತೆರಾಸ್ ಉಷ್ಣ ವಿದ್ಯುತ್ ಸ್ಥಾವರ ಕೆಟ್ಟು ಇಡೀ ದೇಶದ ವಿದ್ಯುತ್ ಜಾಲ ಕುಸಿಯಿತು. ನವೆಂಬರ್‌ನಲ್ಲಿ ರಫಾಯೆಲ್ ಚಂಡಮಾರುತಕ್ಕೆ ಮತ್ತೊಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ, 2025ರ ಮಾರ್ಚ್ ಮತ್ತು ಸೆಪ್ಟೆಂಬರ್‌ಗಳಲ್ಲಿ ಮತ್ತೆ ದೇಶಕ್ಕೆ ದೇಶವೇ ಕತ್ತಲಾಯಿತು. ಈ ದೊಡ್ಡ ಕುಸಿತಗಳ ನಡುವೆ ರಾಜಧಾನಿಯ ಹೊರಗಿನ ಊರುಗಳಿಗೆ ದಿನದ ಬಹುಪಾಲು ಕರೆಂಟ್ ಇಲ್ಲದಿರುವುದು ಮಾಮೂಲಾಗಿಬಿಟ್ಟಿದೆ. ಅಡುಗೆಗೆ, ನೀರಿನ ಪಂಪಿಗೆ, ಆಸ್ಪತ್ರೆಗೆ ಇಲ್ಲದ ವಿದ್ಯುತ್ತನ್ನು ಚೌಕದ ಗೋಪುರದ ಬಲ್ಬುಗಳಿಗೆ ಕೊಡಿ ಎಂದು ಕೇಳುವ ಬಾಯಿ ಯಾವುದು? ಯಾರೂ ನಿಷೇಧಿಸದೆ ಹೋದರೂ ಹಬ್ಬದ ಹೃದಯಕ್ಕೆ ನಾಚಿಕೆ ಅಂಟುತ್ತದೆ. ಸಂಭ್ರಮಿಸುವುದೇ ತಪ್ಪು ಅನ್ನಿಸತೊಡಗಿದರೆ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ.

ಮೂರನೆಯದು ಸಾಮಗ್ರಿ. ಮರ, ಮೊಳೆ, ಬಣ್ಣ, ಬಟ್ಟೆ, ಅಂಟು, ತಂತಿ, ಪಟಾಕಿಯ ರಾಸಾಯನಿಕ, ಎಲ್ಲಕ್ಕೂ ಬರ. 2021ರ ಜನವರಿಯಲ್ಲಿ ಸರ್ಕಾರ ತನ್ನ ಎರಡು ನಾಣ್ಯಗಳನ್ನು ಒಂದು ಮಾಡಿ ಡಾಲರಿಗೆ 24 ಪೆಸೊ ಎಂದು ದರ ಕಟ್ಟಿತು. ಕೆಲವೇ ವರ್ಷಗಳಲ್ಲಿ ಬೀದಿ ದರ 300 ದಾಟಿತು, ಆಮೇಲೆ 400ನ್ನೂ ಮುಟ್ಟಿತು. ಸ್ಥಳೀಯ ಆಡಳಿತ ಪೆಸೊದಲ್ಲಿ ಕೊಡುವ ಹಬ್ಬದ ಅನುದಾನ ಇದರ ಮುಂದೆ ಎಷ್ಟು ದಿನ ನಿಂತೀತು? ಬಾಣಬಿರುಸಿನ ವಿಷಯದಲ್ಲಿ ಬರ ಎಂದರೆ ಜೀವದ ಪ್ರಶ್ನೆಯೂ ಹೌದು. 2017ರ ಡಿಸೆಂಬರ್ 24ರ ರಾತ್ರಿ ರೆಮೆದಿಯೋಸ್‌ನಲ್ಲಿ ಪಟಾಕಿ ಸಿಡಿದು ಮಕ್ಕಳೂ ಸೇರಿ ಮೂವತ್ತಕ್ಕೂ ಹೆಚ್ಚು ಮಂದಿ ಸುಟ್ಟುಕೊಂಡರು. ಪಳಗಿದ ಕೈಗಳಿದ್ದ ಕಾಲದಲ್ಲೇ ಹಾಗಾಯಿತು. ಮದ್ದು ಅರೆಯುವ ಅನುಭವಿಗಳು ಊರು ಬಿಟ್ಟ ಮೇಲೆ, ಕಳಪೆ ಸರಕಿನಲ್ಲಿ, ಅರ್ಧ ಕಲಿತವರು ಆ ಕೆಲಸಕ್ಕೆ ಕೂತರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೆಯದು ಕಣ್ಣಿಗೆ ತಟ್ಟನೆ ಬೀಳದ್ದು: ಹಬ್ಬದ ಹಿಂದಿನ ದುಡಿಮೆಯ ಲೋಕವೇ ಕರಗಿರುವುದು. ಪರ್ರಾಂದಾದ ಊರುಗಳಲ್ಲಿ ಹೆಚ್ಚಿನವು ಕಬ್ಬಿನ ಊರುಗಳು. ಕಾರ್ಖಾನೆಯ ಮೆಕ್ಯಾನಿಕ್ಕು, ಬೆಸುಗೆಯವನು, ಗಾಡಿ ರಿಪೇರಿಯವನು ರಜೆಯಲ್ಲಿ ಕೇರಿಯ ಶೆಡ್ಡಿಗೆ ಬರುತ್ತಿದ್ದ. ಅವನ ಜತೆ ಕಾರ್ಖಾನೆಯ ಕೌಶಲವೂ ಬರುತ್ತಿತ್ತು. 2002ರಲ್ಲಿ ಸರ್ಕಾರ ದೇಶದ 156 ಸಕ್ಕರೆ ಕಾರ್ಖಾನೆಗಳಲ್ಲಿ ಸುಮಾರು ಅರ್ಧದಷ್ಟನ್ನು ಮುಚ್ಚಿತು. ಕಾಯ್ಬಾರಿಯೆನ್ ಪಕ್ಕದ ಮಾರ್ಸೆಲೊ ಸಲಾದೊ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಅಲ್ಲಿನ ಹಳೆಯ ಉಗಿಬಂಡಿಗಳನ್ನು ಪ್ರವಾಸಿಗರು ನೋಡಿ ಹೋಗುತ್ತಾರೆ. 1970ರಲ್ಲಿ 85 ಲಕ್ಷ ಟನ್ ಸಕ್ಕರೆ ತೆಗೆದ ದೇಶ 2023ರ ಹಂಗಾಮಿನಲ್ಲಿ ತೆಗೆದದ್ದು ಸುಮಾರು ಮೂರೂವರೆ ಲಕ್ಷ ಟನ್. ಈಗ ಅದು ಸಕ್ಕರೆಯನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಉದ್ಯೋಗ ಹೋದ ಊರಿನಲ್ಲಿ ಹಬ್ಬ ಕೆಲವು ಕಾಲ ನೆನಪಿನ ಬಲದಿಂದ ನಡೆಯುತ್ತದೆ. ಆ ಅವಧಿ ಮುಗಿಯುತ್ತ ಬಂದಿದೆ.

ಇದಕ್ಕೆ ಎದುರುವಾದವೊಂದಿದೆ, ಅದು ದುರ್ಬಲವಾದದ್ದೂ ಅಲ್ಲ. ಕ್ಯೂಬಾದ ಹಬ್ಬಗಳು ಇದಕ್ಕಿಂತ ಕೆಟ್ಟ ದಿನಗಳನ್ನು ಕಂಡಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಕಂಡಿವೆ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾ ಮೂಲದವರಿಗೆ ಬೀದಿ ತಮ್ಮದು ಎನ್ನಬಹುದಾದ ದಿನವೆಂದರೆ ಜನವರಿ 6, ಮೂವರು ರಾಜರ ಹಬ್ಬ. ಹವಾನಾದಲ್ಲಿ ಅವರ ಕಬಿಲ್ದೊ ಸಂಘಗಳು ಡೋಲು ಬಾರಿಸಿಕೊಂಡು, ವೇಷ ಕಟ್ಟಿಕೊಂಡು ರಾಜ್ಯಪಾಲನ ಅರಮನೆಯವರೆಗೆ ಹೋಗುತ್ತಿದ್ದವು. 1880ರ ದಶಕದಲ್ಲಿ ಆ ಮೆರವಣಿಗೆಗೆ ತಡೆ ಬಿತ್ತು. ಗಣರಾಜ್ಯ ಬಂದ ಮೇಲೂ ಹವಾನಾದ ಕೊಂಪಾರ್ಸಾ ಎಂಬ ಕುಣಿತದ ತಂಡಗಳನ್ನು ಅನಾಗರಿಕವೆಂದು ಹಣೆಪಟ್ಟಿ ಹಚ್ಚಿ ನಿಷೇಧಿಸಲಾಯಿತು. 1937ರಲ್ಲಿ ಮೇಯರ್ ಆಂತೋನಿಯೊ ಬೆರುಫ್ ಮೆಂದಿಯೇತಾ ವಿದ್ವಾಂಸ ಫೆರ್ನಾಂದೊ ಒರ್ತಿಸ್ ಅವರ ಅಭಿಪ್ರಾಯ ಕೇಳಿದರು. ಒರ್ತಿಸ್ ಹಬ್ಬದ ಪರ ನಿಂತರು. ‘ಚೇಳು’ ಎಂಬ ಹೆಸರಿನ ಎಲ್ ಅಲಕ್ರಾನ್ ಮುಂತಾದ ತಂಡಗಳು ಮತ್ತೆ ಬೀದಿಗೆ ಬಂದವು.

ಕ್ರಾಂತಿಯ ನಂತರವೂ ಕ್ಯಾಲೆಂಡರ್ ಅಲುಗಾಡಿತು. 1969ರಲ್ಲಿ ಒಂದು ಕೋಟಿ ಟನ್ ಸಕ್ಕರೆಯ ಗುರಿಗಾಗಿ ಕ್ರಿಸ್‌ಮಸ್ ರಜೆಯನ್ನು ತೆಗೆದುಹಾಕಲಾಯಿತು. ಹವಾನಾದ ಕಾರ್ನಿವಲ್ಲನ್ನು 1970ರಲ್ಲಿ ಜುಲೈಗೆ ತಳ್ಳಿದರು. ಕ್ರಿಸ್‌ಮಸ್ ರಜೆ ಮತ್ತೆ ಬಂದದ್ದು 1997ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಭೇಟಿಯ ಮುನ್ನ. ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲಿನ ತೊಂಬತ್ತರ ದಶಕದ ಹಸಿವಿನಲ್ಲಿ ಎಷ್ಟೋ ಕಾರ್ನಿವಲ್‌ಗಳು ನಿಂತವು, ಮತ್ತೆ ಎದ್ದವು. ಕೋವಿಡ್ ಕಾಲದ ನಿಲುಗಡೆಯೂ ದಾಟಿತು. ಹೀಗಿರುವಾಗ ಈಗೇನು ಗಾಬರಿ?

ಗಾಬರಿಗೆ ಕಾರಣ ಒಂದೇ. ಆಗ ನಿಂತದ್ದು ಹಬ್ಬ, ಜನ ಅಲ್ಲೇ ಇದ್ದರು. ಪೊಲೀಸರು ಡೋಲು ಕಿತ್ತುಕೊಂಡರೂ ಡೋಲು ಬಾರಿಸುವವನು ಅದೇ ಕೇರಿಯಲ್ಲಿ ಮಲಗಿ ಏಳುತ್ತಿದ್ದ. ಅವನ ಮಗ ಮೇಜು ಬಡಿದು ತಾಳ ಕಲಿಯುತ್ತಿದ್ದ. ಇಪ್ಪತ್ತು ಚಿಲ್ಲರೆ ವರ್ಷಗಳ ನಿಷೇಧ ಕಳೆದು 1937ರಲ್ಲಿ ಅನುಮತಿ ಸಿಕ್ಕಾಗ ಹವಾನಾದ ಕೇರಿಗಳು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಇಂದು ಪರಿಸ್ಥಿತಿ ತಲೆಕೆಳಗಾಗಿದೆ. ಅನುಮತಿ ಇದೆ, ಯುನೆಸ್ಕೊದ ಮನ್ನಣೆ ಇದೆ, ಸರ್ಕಾರದ ಹೊಗಳಿಕೆಯೂ ಇದೆ, ಆದರೆ ಬಾರಿಸುವವನು ಮಯಾಮಿಯಲ್ಲೋ ಮ್ಯಾಡ್ರಿಡ್‌ನಲ್ಲೋ ಇದ್ದಾನೆ. ನಿಷೇಧವನ್ನು ಒಂದು ಆದೇಶದಿಂದ ತೆಗೆಯಬಹುದು. ಊರು ಬಿಟ್ಟ ಕೌಶಲವನ್ನು ಯಾವ ಆದೇಶವೂ ಮರಳಿ ತರದು.

ಇನ್ನೊಂದು ಸಮಾಧಾನವೂ ಕೇಳಿಬರುತ್ತದೆ: ಪರ್ರಾಂದಾ ಹುಟ್ಟಿದಾಗ ಕರೆಂಟು ಇರಲಿಲ್ಲ, ಬಾಣಬಿರುಸು ಇಷ್ಟಿರಲಿಲ್ಲ; ಬಡತನ ಬಂದರೆ ತಗಡಿನ ಡಬ್ಬಕ್ಕೆ ಮರಳಿದರಾಯಿತು. ಈ ಮಾತಿನಲ್ಲಿ ಸತ್ಯವಿದೆ. ಕಾಗದದ ಲಾಟೀನು ಹಿಡಿದು ಊರು ಸುತ್ತುವ ಪದ್ಧತಿ ಈ ಹಬ್ಬದೊಳಗೇ ಇದೆ. ಬಲ್ಬಿಲ್ಲದ ವರ್ಷ ಲಾಟೀನುಗಳೇ ಮುಂದೆ ಬಂದರೆ ಅದನ್ನು ಕೊರತೆ ಎಂದು ಭಾವಿಸಬೇಕಿಲ್ಲ. ಸಾಂತಿಯಾಗೊದ ಕೋಂಗಾ ತಂಡಗಳು ಗುಜರಿ ಕಾರುಗಳ ಬ್ರೇಕ್ ಡ್ರಮ್ಮನ್ನೇ ವಾದ್ಯವಾಗಿಸಿಕೊಂಡಿವೆ. ಕೊರತೆಯನ್ನು ನಾದವಾಗಿಸುವುದು ಆ ಜನಕ್ಕೆ ಗೊತ್ತು. ಆದರೆ ಅದೇ ಸಾಂತಿಯಾಗೊವನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಈ ಸಮಾಧಾನದ ಮಿತಿ ತಿಳಿಯುತ್ತದೆ.

ಸಾಂತಿಯಾಗೊದ ಕಾರ್ನಿವಲ್ ಸಂತ ಜೇಮ್ಸರ ದಿನವಾದ ಜುಲೈ 25ರ ಸುತ್ತ ನಡೆಯುವುದು. ಕಬ್ಬಿನ ಕಟಾವು ಮುಗಿದು ಕೂಲಿಗಳ ಕೈಗೆ ಬಿಡುವು ಸಿಗುವ ಕಾಲ ಅದು. 1953ರಲ್ಲಿ ಫಿದೆಲ್ ಕ್ಯಾಸ್ಟ್ರೊ ಮೊಂಕಾದಾ ಸೇನಾ ಠಾಣೆಯ ಮೇಲಿನ ದಾಳಿಗೆ ಜುಲೈ 26ರ ಬೆಳಗನ್ನು ಆರಿಸಿಕೊಂಡದ್ದೂ ಕಾರ್ನಿವಲ್ ಗದ್ದಲದ ಮರೆ ಸಿಕ್ಕೀತೆಂದೇ. ಈ ಹಬ್ಬದ ಪ್ರಾಣವೆಂದರೆ ಕೋಂಗಾ. ಲೋಸ್ ಒಯೋಸ್ ಕೇರಿಯ ಕೋಂಗಾ ಹೊರಟರೆ ಅದರ ಹಿಂದೆ ಸಾವಿರಾರು ಜನ ಕಾಲೆಳೆದು ಹೆಜ್ಜೆ ಹಾಕುತ್ತ ಇತರ ಕೇರಿಗಳ ಮೇಲೆ ‘ದಂಡೆತ್ತಿ’ ಹೋಗುತ್ತಾರೆ. ಡೋಲುಗಳ ಆ ಗುಡುಗಿನ ಮೇಲೆ ಸೀಳಿಕೊಂಡು ಬರುವ ಒಂದು ಸ್ವರವಿದೆ, ಕೊರ್ನೆತಾ ಚೀನಾ. ಚೀನಾದಿಂದ ಕಬ್ಬಿನ ಗದ್ದೆಗಳಿಗೆ ಕರಾರಿನ ಮೇಲೆ ಬಂದ ಕೂಲಿಗಳ ಜತೆ ಕ್ಯೂಬಾಕ್ಕೆ ಬಂದ ಸುವೊನಾ ವಾದ್ಯ ಇದು. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಸಾಂತಿಯಾಗೊದ ಕೋಂಗಾಕ್ಕೆ ಸೇರಿ ಅದರ ಗುರುತೇ ಆಗಿಬಿಟ್ಟಿತು. ನೂರು ಜನ ಬಡಿಯಬಹುದು, ಊದುವವನು ಒಬ್ಬನೋ ಇಬ್ಬರೋ. ಯಾವ ಪದ ಎತ್ತಬೇಕು, ಜನ ಯಾವಾಗ ಹಾಡಬೇಕು ಎಂಬ ಸನ್ನೆ ಅವನದೇ. ಅಂಥ ಒಬ್ಬ ವಲಸೆ ಹೋದರೆ ಕೋಂಗಾದ ತಲೆಯೆಣಿಕೆಯಲ್ಲಿ ಒಂದು ಕಡಿಮೆಯಾಗುತ್ತದೆ ಅಷ್ಟೆ. ಅಂಕಿಅಂಶದ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆದರೆ ಆ ಕೇರಿಯ ಮಟ್ಟಿಗೆ ದಾರಿ ತೋರುವವನೇ ಇಲ್ಲವಾದಂತೆ. ಡಬ್ಬ ಬಡಿಯಲು ಯಾರಾದರೂ ಆದೀತು. ಕೊರ್ನೆತಾಕ್ಕೆ, ಗೋಪುರದ ತಂತಿ ಜಾಲಕ್ಕೆ, ಮದ್ದಿನ ಅಳತೆಗೆ ಯಾರಾದರೂ ಆಗದು. 

ಹಾಗಾದರೆ ಮುಂದೇನಾಗಬಹುದು? ಹಬ್ಬ ಏಕಾಏಕಿ ಮಾಯವಾಗುವುದಕ್ಕಿಂತ ಅದರ ಜಾಗಕ್ಕೆ ಅದನ್ನೇ ಹೋಲುವ ಇನ್ನೊಂದು ಬಂದು ಕೂರುವ ಸಂಭವ ಹೆಚ್ಚು. ಕಾಯ್ಬಾರಿಯೆನ್‌ನಿಂದ ಸಮುದ್ರದೊಳಗೆ 48 ಕಿಲೋಮೀಟರ್ ಉದ್ದದ ಕಲ್ಲಿನ ರಸ್ತೆ ಹಾಕಿ ದ್ವೀಪಗಳಲ್ಲಿ ರೆಸಾರ್ಟ್‌ಗಳನ್ನು ಕಟ್ಟಿದ್ದಾರೆ. ರೆಮೆದಿಯೋಸ್ ಅಲ್ಲಿಂದ ಬಸ್ಸಿನಲ್ಲಿ ಬಂದು ಹೋಗುವಷ್ಟು ಹತ್ತಿರ. 2018ರಲ್ಲಿ 47 ಲಕ್ಷದಷ್ಟಿದ್ದ ವಿದೇಶಿ ಪ್ರವಾಸಿಗರು 2024ರಲ್ಲಿ 22 ಲಕ್ಷಕ್ಕೆ ಇಳಿದಿರುವಾಗ, ಇರುವ ಪ್ರವಾಸಿಗರಿಗಾಗಿ ಎರಡು ಗಂಟೆಯ ಅಚ್ಚುಕಟ್ಟು ಪ್ರದರ್ಶನ ಮಾಡೋಣ ಎಂಬ ಆಸೆ ಯಾವ ಅಧಿಕಾರಿಗೂ ಬರಬಹುದು. ಹೊರಗಿನಿಂದ ಬರುವ ಡಾಲರ್ ಕೂಡ ಹಾಗೆಯೇ. ಊರು ಬಿಟ್ಟವರು ಕೇರಿಗೆ ಹಣ ಕಳಿಸುವುದು ಒಳ್ಳೆಯದೇ, ಆದರೆ ಹಣದಿಂದ ಬಲ್ಬು ಬರುತ್ತದೆ, ಬಲ್ಬು ಕಟ್ಟುವ ಸಂಜೆಗಳು ಬರುವುದಿಲ್ಲ. ಒಲ್ಗಿನ್ ನಗರದ ಅನುಭವ ಇಲ್ಲಿ ಗಮನಾರ್ಹ. ಅಲ್ಲಿ ಶಿಲುಬೆಯ ಗುಡ್ಡಕ್ಕೆ ಮೇ 3ರಂದು ಹೋಗುವ ಹಳೆಯ ಯಾತ್ರೆ ಸೊರಗಿತ್ತು. 1994ರಲ್ಲಿ ಯುವ ಕಲಾವಿದರ ಸಂಘಟನೆಯೊಂದು ಅದನ್ನು ‘ರೊಮೆರಿಯಾಸ್ ದೆ ಮಾಯೊ’ ಎಂಬ ಕಲಾಮೇಳವಾಗಿ ಎತ್ತಿ ನಿಲ್ಲಿಸಿತು. ಇಂದು ಅದು ಹಲವು ದೇಶಗಳ ಯುವಕಲಾವಿದರು ಸೇರುವ ದೊಡ್ಡ ಮೇಳ, ಅದರ ಬಗ್ಗೆ ತಕರಾರಿಲ್ಲ. ಆದರೆ ಹರಕೆ ಹೊತ್ತು ಗುಡ್ಡ ಹತ್ತುವವರ ಹಬ್ಬವೇ ಬೇರೆ, ವೇದಿಕೆಯ ಮೇಳವೇ ಬೇರೆ. ಪರ್ರಾಂದಾ ಒಮ್ಮೆ ವೇದಿಕೆಯಾದರೆ ಎರಡು ಕೇರಿಗಳ ಜನ ಪ್ರೇಕ್ಷಕರಾಗುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು.

ಮಾಡಬೇಕಾದ್ದು ಅಸಾಧ್ಯವಾದದ್ದೇನಲ್ಲ. ಮೊದಲು ಯುನೆಸ್ಕೊ ಪಟ್ಟಿಯ ವಿಷಯ. ಪರ್ರಾಂದಾ ಇರುವುದು ಪ್ರಾತಿನಿಧಿಕ ಪಟ್ಟಿಯಲ್ಲಿ. ನಮ್ಮ ಕೋಲ್ಕತ್ತಾದ ದುರ್ಗಾಪೂಜೆ, ಗುಜರಾತಿನ ಗರ್ಬಾ ಇರುವುದೂ ಅದರಲ್ಲೇ. ಆ ಪಟ್ಟಿಗೆ ಸೇರಿದಾಗ ಎಲ್ಲ ದೇಶಗಳೂ ಪದಕ ಸಿಕ್ಕಂತೆ ಸಿಹಿ ಹಂಚುತ್ತವೆ. ಆದರೆ ಆ ಪಟ್ಟಿಗೆ ಆಧಾರವಾದ 2003ರ ಯುನೆಸ್ಕೊ ಒಡಂಬಡಿಕೆಯಲ್ಲೇ ಇನ್ನೊಂದು ಪಟ್ಟಿಯಿದೆ, ತುರ್ತು ರಕ್ಷಣೆ ಬೇಕಾದ ಪರಂಪರೆಗಳದ್ದು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗಲು ಬಾಗಿಲು ತೆರೆದಿದೆ. ವಿಯೆಟ್ನಾಂ ತನ್ನ ಸ್ವಾನ್ ಗಾಯನವನ್ನು 2011ರಲ್ಲಿ ತುರ್ತು ಪಟ್ಟಿಗೆ ಸೇರಿಸಿ, ಕಲಿಸುವ ಕೆಲಸವನ್ನು ಬಲಪಡಿಸಿ, 2017ರಲ್ಲಿ ಪ್ರಾತಿನಿಧಿಕ ಪಟ್ಟಿಗೆ ತಂದಿತು. ಕಷ್ಟವನ್ನು ಒಪ್ಪಿಕೊಂಡದ್ದಕ್ಕೆ ಅದರ ಮಾನವೇನೂ ಹೋಗಲಿಲ್ಲ. ಕ್ಯೂಬಾ ಸರ್ಕಾರ ಹದಿನೆಂಟು ಸಮುದಾಯಗಳನ್ನು ಕೂಡಿಸಿಕೊಂಡು, ನಮ್ಮ ಹಬ್ಬಕ್ಕೆ ಕುತ್ತು ಬಂದಿದೆ, ನೆರವು ಬೇಕು ಎಂದು ಕೇಳಬೇಕು. ಎಲ್ಲ ಸರಿಯಿದೆ ಎಂಬ ವರದಿ ಬರೆಯುವುದು ಸುಲಭ. ಆ ವರದಿಯಿಂದ ಒಂದು ಮೊಳೆಯೂ ಬರುವುದಿಲ್ಲ.

ಎರಡನೆಯದಾಗಿ ಶೆಡ್ಡುಗಳ ಲೆಕ್ಕ ಬೇಕು. ಹಬ್ಬಗಳ ದಾಖಲಾತಿಯಲ್ಲಿ ಕ್ಯೂಬಾ ಹಿಂದೆ ಬಿದ್ದ ದೇಶವಲ್ಲ. ವಿರ್ತೂದೆಸ್ ಫೆಲಿಯೂ ಅವರಂಥ ಸಂಶೋಧಕರು ದಶಕಗಳ ಕಾಲ ಊರೂರು ತಿರುಗಿ ಹಬ್ಬಗಳನ್ನು ಬರೆದಿಟ್ಟಿದ್ದಾರೆ, ದೇಶಕ್ಕೆ ಜನಾಂಗೀಯ ಅಟ್ಲಾಸೇ ಇದೆ. ರೆಮೆದಿಯೋಸ್‌ನಲ್ಲಿ ಪರ್ರಾಂದಾಕ್ಕೆಂದೇ ವಸ್ತುಸಂಗ್ರಹಾಲಯವಿದೆ. ಈಗ ಬೇಕಾದ್ದು ಪ್ರತಿ ವರ್ಷದ ಎಣಿಕೆ: ಪ್ರತಿ ಕೇರಿಯಲ್ಲಿ ಗೋಪುರದ ತಂತಿ ಎಳೆಯಬಲ್ಲವರೆಷ್ಟು, ಮದ್ದು ಕಟ್ಟಬಲ್ಲವರೆಷ್ಟು, ಅವರಲ್ಲಿ ಮೂವತ್ತರ ಒಳಗಿನವರೆಷ್ಟು? ಯಾವ ಕೆಲಸಕ್ಕೆ ಇಬ್ಬರಿಗಿಂತ ಕಡಿಮೆ ಜನ ಉಳಿದಿದ್ದಾರೋ ಆ ಕೆಲಸದ ಕಲಿಕೆಗೆ ಕೂಡಲೇ ಸಂಬಳ ಕೊಟ್ಟು ಶಿಷ್ಯರನ್ನು ಹಚ್ಚಬೇಕು. ಪಟಾಕಿಯ ಮಟ್ಟಿಗೆ ಈ ಶಿಕ್ಷಣವೇ ಸುರಕ್ಷೆ.

ಮೂರನೆಯದು ದಿನಾಂಕ. ಹಬ್ಬ ಎಷ್ಟು ಚಿಕ್ಕದಾದರೂ ಸರಿ, ದಿನ ಕದಲಬಾರದು. 1970ರಲ್ಲಿ ಹವಾನಾದ ಕಾರ್ನಿವಲ್ ಆಡಳಿತದ ಅನುಕೂಲಕ್ಕೆ ತಿಂಗಳು ಬದಲಿಸಿದ ಮೇಲೆ ಅದಕ್ಕೆ ಸ್ವಂತ ಋತುವೆಂಬುದೇ ಇಲ್ಲವಾಯಿತು. ಕರೆಂಟು ಬಂದಾಗ, ಸಾಮಗ್ರಿ ಬಂದಾಗ ಮಾಡೋಣ ಎಂದು ಡಿಸೆಂಬರ್ 24ನ್ನು ಮುಂದೂಡುವ ಅಭ್ಯಾಸ ಬೇರೂರಿದರೆ, ದೂರದ ಊರುಗಳಿಂದ ಆ ಒಂದು ರಾತ್ರಿಗಾಗಿ ಮನೆಗೆ ಬರುವವರ ದಾರಿ ಮುಚ್ಚುತ್ತದೆ. ಬಲ್ಬಿಲ್ಲದಿದ್ದರೆ ಲಾಟೀನು ಹಿಡಿದಾದರೂ ಅದೇ ರಾತ್ರಿ ಹಬ್ಬ ಆಗಲಿ. ಮಕ್ಕಳ ಪುಟ್ಟ ಪರ್ರಾಂದಾಗಳಿಗೆ ದೊಡ್ಡವರ ಗೋಪುರಕ್ಕಿಂತ ಮೊದಲು ಕಾಗದ, ಬಣ್ಣ, ಅಂಟು ಸಿಗಲಿ.

ನಾಲ್ಕನೆಯದು ಅಧಿಕಾರ. ಕೇರಿಗಳು ತಮ್ಮದೇ ಖಾತೆ ತೆರೆದು, ಊರಿನವರಿಂದಲೂ ವಲಸಿಗರಿಂದಲೂ ರಾಜಾರೋಷವಾಗಿ ಹಣ ಎತ್ತಿ, ಬೇಕಾದ ಸರಕನ್ನು ಸುಂಕವಿಲ್ಲದೆ ತರಿಸಿಕೊಳ್ಳುವಂತಾಗಬೇಕು. ಕಥೆ ಯಾವುದು, ಗೋಪುರ ಎಂಥದ್ದು ಎಂಬ ತೀರ್ಮಾನ ಮಾತ್ರ ಶೆಡ್ಡಿನ ಬೀಗದ ಒಳಗೇ ಉಳಿಯಬೇಕು. ದುಡ್ಡು ಕೊಟ್ಟವರೂ, ಸಂಸ್ಕೃತಿ ಇಲಾಖೆಯೂ ಅದಕ್ಕೆ ಕೈ ಹಾಕಬಾರದು.

ಕೊನೆಯದಾಗಿ ಒಂದು ಗಡಿಗೆರೆ. ಜನ ಸಾಲದು, ಹಣ ಸಾಲದು, ಆದ್ದರಿಂದ ಎರಡು ಕೇರಿಗಳೂ ಸೇರಿ ಈ ಸಲ ಒಂದೇ ಗೋಪುರ ಕಟ್ಟೋಣ ಎಂಬ ಸಲಹೆ ಯಾವುದಾದರೂ ವರ್ಷ ಬಂದೇ ಬರುತ್ತದೆ. ಕೇಳಲು ಅದು ವಿವೇಕದ, ಒಗ್ಗಟ್ಟಿನ, ಮಿತವ್ಯಯದ ಮಾತಾಗಿರುತ್ತದೆ. ಅದನ್ನು ಒಪ್ಪಬಾರದು. ಪರ್ರಾಂದಾ ಉಳಿದಿರುವುದೇ ಹುಂಜಕ್ಕೆ ಎದುರಾಗಿ ಗಿಡುಗ ಇರುವುದರಿಂದ. ಗೋಪುರ ಹತ್ತೇ ಅಡಿಯದಾಗಲಿ, ಆದರೆ ಎರಡಿರಲಿ. ಅಂಥ ಸಲಹೆ ಬಂದ ದಿನ ಹವಾನಾದ ಸರ್ಕಾರಿ ಕಚೇರಿಗಳು, ಪ್ಯಾರಿಸ್‌ನ ಯುನೆಸ್ಕೊ ಕಚೇರಿಗಳು ಅದನ್ನು ಸ್ಥಳೀಯ ಹೊಂದಾಣಿಕೆ ಎಂದು ಕಡತದಲ್ಲಿ ಸೇರಿಸಿ ಸುಮ್ಮನಾದರೆ, ಆಮೇಲೆ ಕೊಡುವ ನೆರವು ಹಬ್ಬಕ್ಕೆ ತಲುಪುವುದಿಲ್ಲ, ವಸ್ತುಸಂಗ್ರಹಾಲಯಕ್ಕೆ ತಲುಪುತ್ತದೆ.